ಪಾಸಿರ್ ರಿಸ್‌ನ ಲ್ಯಾಟಿನ್ ಟೀಚರ್

ಟೀಚರನ್ನು ನಾನು ಮೊದಲು ಕಂಡದ್ದು ಪಾಸಿರ್ ರಿಸ್‌ನ ಮೀನು ಮಾರುಕಟ್ಟೆಯಲ್ಲಿ. ನೀಲಿ ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಮಾರುವವನ ಜೊತೆ ಮಲಯ್ ಭಾಷೆಯಲ್ಲಿ ನಯವಾಗಿ ಮಾತಾಡುತ್ತಲೇ ಬಂಗುಡೆಯ ಕಿವಿರು ಎತ್ತಿ ನೋಡಿ, ತಮ್ಮಷ್ಟಕ್ಕೆ ತಾವು "ಉಂದು ಕೋಡೆದ ಮೀನ್" ಎಂದು ಗೊಣಗಿದರು. ಇದು ನಿನ್ನೆಯ ಮೀನು ಎಂದು. ಸಿಂಗಪುರಕ್ಕೆ ಬಂದು ವರ್ಷ ದಾಟಿದ್ದರೂ ನಾನು ಹೊರಗೆಲ್ಲೂ ತುಳು ಕೇಳಿರಲಿಲ್ಲ. ನಗು ತಡೆಯಲಾಗಲಿಲ್ಲ. ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಉಡುಪಿಯಾ?" ಎಂದರು. ಹೌದೆಂದೆ. "ಹಾಗಾದ್ರೆ ನೀನೂ ಇದನ್ನು ತೆಗೊಳ್ಬೇಡ. ಬಾ" ಎಂದು ಮುಂದಿನ ಅಂಗಡಿಗೆ ಕರೆದುಕೊಂಡು ಹೋದರು. ನಮ್ಮ ಪರಿಚಯ ಆದದ್ದು ಹೀಗೆ. ಅವರು ತೀರಿಕೊಂಡು ಈಗ ವರ್ಷವಾಗುತ್ತ ಬಂತು.

ಅವರ ಮನೆ ನಮ್ಮ ಬ್ಲಾಕಿನಿಂದ ಎರಡು ಬ್ಲಾಕ್ ಆಚೆ. ಗಂಡ ಇಲ್ಲಿನ ಹಡಗುಕಟ್ಟೆಯಲ್ಲಿ ಎಂಜಿನಿಯರ್ ಆಗಿದ್ದವರು, ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಇಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಟೀಚರ್ ಒಂದು ಚರ್ಚಿನ ಹಿಂಬದಿಯ ಹಾಲಿನಲ್ಲಿ ತಮ್ಮದೇ ಸಣ್ಣ ಶಾಲೆ ಶುರು ಮಾಡಿದ್ದರು. ಅನುಮತಿ ಪಡೆದು ಮನೆಯಲ್ಲೇ ಓದುವ ಕೆಲವು ಮಕ್ಕಳು ವಾರದ ದಿನಗಳಲ್ಲಿ ಬರುತ್ತಿದ್ದರು. ಬೇರೆ ಶಾಲೆಗಳಿಗೆ ಹೋಗುವವರು ಶನಿವಾರ. ಚೀನೀಯರ ಮಕ್ಕಳು, ತಮಿಳರ ಮಕ್ಕಳು, ಒಂದು ಫಿಲಿಪೀನ್ಸ್ ಕುಟುಂಬದ ಅವಳಿಗಳು. ಅಲ್ಲಿ ಲ್ಯಾಟಿನ್ ಕಲಿಸುತ್ತಾರೆ ಎಂದು ಕೇಳಿ ನನ್ನ ಗಂಡ ಗಟ್ಟಿಯಾಗಿ ನಕ್ಕಿದ್ದರು.

"ಸತ್ತೋಗಿರೋ ಭಾಷೆ ಕಣೇ ಅದು. ಕೋಡಿಂಗ್ ಕ್ಲಾಸಿಗೆ ಹಾಕಿದ್ರೆ ಯೂಸ್ ಆದ್ರೂ ಆಗುತ್ತೆ. ಮೇಲಾಗಿ ಚರ್ಚು. ಮೈಸೂರಲ್ಲಿ ಅಮ್ಮಂಗೆ ಏನಂತ ಹೇಳೋದು?"

ನನಗೂ ಆ ಅಳುಕಿತ್ತು. ನಮ್ಮ ಮಗಳು ಇಂಚರಳಿಗೆ ಆಗ ಎಂಟು ವರ್ಷ. ಅವಳನ್ನು ಕರೆದುಕೊಂಡು ಟೀಚರ್ ಮನೆಗೆ ಹೋದಾಗ, ನಾನು ಹೇಗೆ ಕೇಳಲಿ ಎಂದು ತಡವರಿಸುತ್ತಿರುವಾಗಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ್ಯವಾದದ್ದೇನಾದರೂ ಹೇಳುವಾಗ ಅವರು ಹಾಗೆ ಮಾಡುತ್ತಿದ್ದರು.

"ಮೊದಲೇ ಹೇಳ್ತೇನೆ. ನಮ್ಮಲ್ಲಿ ಪ್ರಾರ್ಥನೆಯಿಂದ ಶುರು. ನಿನ್ನ ಮಗಳು ಕೈ ಮುಗಿಯಬೇಕಂತ ಇಲ್ಲ, ಸುಮ್ಮನೆ ನಿಂತ್ರೆ ಸಾಕು. ಅವಳನ್ನು ನಮ್ಮ ಕಡೆ ಎಳೀಲಿಕ್ಕೆ ನಾನು ನೋಡುವುದಿಲ್ಲ. ಆದರೆ ನಾನು ನಂಬಿದ್ದನ್ನು ಅಡಗಿಸಿಟ್ಟು ಪಾಠ ಮಾಡ್ಲಿಕ್ಕೆ ನನಗೆ ಬರುವುದಿಲ್ಲ. ಅದು ಆಗ್ತದೆ ಅಂತಾದ್ರೆ ಕಳಿಸು. ಆಗುವುದಿಲ್ಲ ಅಂತಾದ್ರೆ ನನಗೆ ಬೇಜಾರಿಲ್ಲ. ಮೀನು ತರ್ಲಿಕ್ಕೆ ಹೇಗೂ ಒಟ್ಟಿಗೆ ಹೋಗುವಾ."

ಚಾಂಗಿ ಬಿಸಿನೆಸ್ ಪಾರ್ಕಿನ ಬ್ಯಾಂಕ್ ಆಫೀಸಿನಲ್ಲಿ ನನ್ನ ಕೆಲಸ. ಪ್ರತಿಯೊಬ್ಬರೂ ಮೊದಲು ಒಳ್ಳೆಯದನ್ನೇ ಹೇಳಿ, ಬೇಡದ್ದನ್ನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸುವ ಲೋಕ ಅದು. ಬೇಡದ್ದನ್ನೇ ಮೊದಲು ಹೇಳಿದ ಈ ಹೆಂಗಸಿನ ಮೇಲೆ ನನಗೆ ಅಲ್ಲೇ ಭರವಸೆ ಹುಟ್ಟಿತು. ಇಂಚರ ಶನಿವಾರದ ತರಗತಿಗೆ ಸೇರಿದಳು.

ಕೆಲವೇ ವಾರಗಳಲ್ಲಿ ಮನೆ ತುಂಬ ಲ್ಯಾಟಿನ್ ವಿಭಕ್ತಿಗಳು. ಸ್ನಾನ ಮಾಡುತ್ತ ಹಾಡುತ್ತಿದ್ದಳು, ಶೂ ಲೇಸ್ ಕಟ್ಟುತ್ತ ಹಾಡುತ್ತಿದ್ದಳು. ಅರ್ಥ ಕೇಳಿದರೆ ಇಲ್ಲಿನ ಮಕ್ಕಳ ಇಂಗ್ಲಿಷಿನಲ್ಲಿ "ಡೋಂಟ್ ನೋ ಲಾ ಅಮ್ಮ" ಎನ್ನುವಳು. ಇದೆಂಥ ಓದು ಎಂದು ಟೀಚರನ್ನು ಕೇಳಿದೆ. "ಬಾಯಿಗೆ ಬರ್ಲಿ ಮಾರಾಯ್ತಿ. ಬಾಯಲ್ಲಿ ಇದ್ದದ್ದು ಒಂದು ದಿನ ಒಳಗೆ ಇಳೀತದೆ. ಬಾಯಲ್ಲೇ ಇಲ್ಲದ್ದು ಎಲ್ಲಿಂದ ಇಳೀಬೇಕು?" ಎಂದರು.

ಅವರು ಈ ಓದಿನ ಚರಿತ್ರೆಯನ್ನು ಹೇಳುತ್ತಿದ್ದುದು ಅಡುಗೆಮನೆಯಲ್ಲಿ, ಮೀನು ಹುರಿಯುತ್ತ. ಗ್ರೀಕರು, ರೋಮನ್ನರು ಸ್ವತಂತ್ರ ಮನುಷ್ಯನಿಗೆ ಬೇಕಾದ ಓದೆಂದು ಕಟ್ಟಿದ್ದು ಇದು. ಕ್ರೈಸ್ತರು ಬಂದಾಗ, ಅನ್ಯದೇವರ ಈ ಪುಸ್ತಕಗಳನ್ನು ಸುಡಬೇಕೋ ಇಟ್ಟುಕೊಳ್ಳಬೇಕೋ ಎಂದು ಅವರವರಲ್ಲೇ ಜಗಳವಾಯಿತು. ಇಟ್ಟುಕೊಳ್ಳುವವರು ಗೆದ್ದರು. "ಒಳ್ಳೆಯದು ಯಾರ ಮನೆಯಲ್ಲಿ ಸಿಕ್ಕಿದ್ರೂ ಅದು ನಮ್ಮ ದೇವರದ್ದೇ ಅಂತ ಅವರ ಲೆಕ್ಕ. ಅದಕ್ಕೇ ನಿನ್ನ ಮನೆಯದ್ದೂ ನನಗೆ ಬೇಕು" ಎಂದು ನಗುತ್ತಿದ್ದರು. ಸಾಮ್ರಾಜ್ಯ ಕುಸಿದಾಗ ಸನ್ಯಾಸಿಗಳು ಮಠಗಳಲ್ಲಿ ಕೂತು ಹಸ್ತಪ್ರತಿಗಳನ್ನು ನಕಲು ಮಾಡಿ ಉಳಿಸಿದರು. ಮೊದಲು ವ್ಯಾಕರಣ, ಆಮೇಲೆ ತರ್ಕ, ಕೊನೆಗೆ ವಾಗ್ಮಿತೆ. ಶತಮಾನಗಟ್ಟಲೆ ಮಕ್ಕಳು ಈ ಮೂರು ಮೆಟ್ಟಿಲು ಹತ್ತಿದರು. ಆಮೇಲೆ ಕಾರ್ಖಾನೆಗಳ ಕಾಲ ಬಂತು, ಬೇರೆ ಥರದ ಕೈಗಳು ಬೇಕಾದವು, ಇದು ಮೂಲೆ ಸೇರಿತು. ಇತ್ತೀಚೆಗೆ ಅಮೆರಿಕದಲ್ಲಿ ಕೆಲವು ತಂದೆತಾಯಿಯರು ಧೂಳು ಕೊಡವಿ ಮತ್ತೆ ಹೊರಗೆ ತೆಗೆದರು. ಟೀಚರಿಗೆ ಅದರ ಸುದ್ದಿ ಸಿಕ್ಕಿದ್ದು ಅಲ್ಲಿಂದ. ಆದರೆ ಮನಸ್ಸಿಗೆ ಹಿಡಿದದ್ದಕ್ಕೆ ಕಾರಣ ಬೇರೆ. ಅವರ ಮುತ್ತಜ್ಜಿ ನಮ್ಮ ಕರಾವಳಿಯಲ್ಲಿ ಜರ್ಮನ್ ಪಾದ್ರಿಗಳು ತೆರೆದ ಶಾಲೆಯಲ್ಲಿ, ಬೇರೆಬೇರೆ ಜಾತಿಯ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳಂತೆ. "ಅವಳಿಗೆ ಮಾತು ಸಿಕ್ಕಿತು. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಯಾರಿಗೂ ಯಜಮಾನರ ಎದುರು ಬಾಯಿ ಇರ್ಲಿಲ್ಲ."

"ಸರಿ, ಇಷ್ಟೆಲ್ಲ ಯಾತಕ್ಕೆ ಟೀಚರ್?" ಎಂದು ಕೇಳಿದ್ದೆ.

"ಪ್ರೀತಿಸಬೇಕಾದ್ದನ್ನು ಪ್ರೀತಿಸ್ಲಿಕ್ಕೆ. ಮತ್ತೆಂತ? ಮಗು ಸತ್ಯವನ್ನು ಪ್ರೀತಿಸ್ಬೇಕು. ಓದು ಅದಕ್ಕೆ ದಾರಿ ಅಷ್ಟೆ."

ನನ್ನ ತಂದೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲದೆ, ಕುಣಿತವಿಲ್ಲದೆ, ಬರಿ ಕೂತು ವಾದಿಸಿ ಜನರನ್ನು ಬೆಳಗಿನವರೆಗೆ ಹಿಡಿದಿಡುವ ಕಲೆ. ಇವತ್ತು ಕೊಂದವನ ಪಕ್ಷ, ನಾಳೆ ಸತ್ತವನ ಪಕ್ಷ, ಎರಡರಲ್ಲೂ ಸೋಲುವವರಲ್ಲ. ಇದನ್ನು ಹೇಳಿದಾಗ ಟೀಚರ್ ಬಹಳ ಖುಷಿಪಟ್ಟರು. ಚಿಕ್ಕಂದಿನಲ್ಲಿ ಅವರೂ ಕಂಪೌಂಡ್ ಗೋಡೆಯ ಆಚೆಯಿಂದ ತಾಳಮದ್ದಳೆ ಕೇಳಿದ್ದರಂತೆ. ಆದರೆ ಕೊನೆಗೊಂದು ಮಾತು ಸೇರಿಸಿದರು: "ಹಾಗೆ ಎರಡೂ ಪಕ್ಷ ಹೇಳ್ಲಿಕ್ಕೆ ಬರುವವನು ಮನೆಗೆ ಹೋದ ಮೇಲೆ ಎಂತ ನಂಬ್ತಾನೆ ಅಂತ ನನಗೆ ಆಗ್ಲೇ ಹೆದರಿಕೆ ಆಗ್ತಿತ್ತು."

ತರಗತಿಯಲ್ಲಿ ಅವರು ತಪ್ಪಿಗೆ ಸಿಟ್ಟಾಗುತ್ತಿರಲಿಲ್ಲ. ಒಮ್ಮೆ ಇಂಚರ ಉತ್ತರ ಗೊತ್ತಿಲ್ಲದೆ ಏನೋ ಸುತ್ತಿಬಳಸಿ ಹೇಳಿದಾಗ, "ಡೋಂಟ್ ಎನಿಹೌ ಸೇ, ಬಾಯಿಗೆ ಬಂದ ಹಾಗೆ ಹೇಳ್ಬೇಡ. ಗೊತ್ತಿಲ್ಲ ಅಂತ ಹೇಳುವುದೂ ಒಂದು ಉತ್ತರ" ಎಂದು ಕೂರಿಸಿದ್ದರಂತೆ. ಅವರು ಹೆಮ್ಮೆಯಿಂದ ಹೇಳುತ್ತಿದ್ದ ಕತೆ ಮಾತ್ರ ಒಂದೇ. ಶಾಲೆಯ ಮೊದಲ ವಿದ್ಯಾರ್ಥಿ ಜೋಶುವಾ, ಆ ಚರ್ಚಿನ ಹಿರಿಯರೊಬ್ಬರ ಮಗ, ಚಿಕ್ಕವನಿದ್ದಾಗ ಸಹಪಾಠಿಯನ್ನು ಹೊಡೆದು, ಟೀಚರ್ ಮುಂದೆ ಭಾಷಣದಂತೆ ಕ್ಷಮೆ ಕೇಳಿದ್ದನಂತೆ. ಟೀಚರ್ ಒಪ್ಪಲಿಲ್ಲ. "ಚೆಂದ ಬೇಡ, ನಿಜ ಬೇಕು" ಎಂದರು. ಹುಡುಗ ಬಿಡುವಿನ ಹೊತ್ತೆಲ್ಲ ಮಾತಿಲ್ಲದೆ ನಿಂತು, ಕೊನೆಗೆ ಒಂದೇ ಒಂದು "ಸಾರಿ" ಹೇಳಿದ. "ಆ ದಿನ ಅವನಿಗೆ ಪಾಠ ಮುಗೀತು. ಉಳಿದದ್ದೆಲ್ಲ ಬರಿ ಅಭ್ಯಾಸ" ಎನ್ನುತ್ತಿದ್ದರು. ಅದೇ ಜೋಶುವಾ ಈಗ ಒನ್-ನಾರ್ತ್ ಎಂಬ ಐಟಿ ಬಡಾವಣೆಯ ಒಂದು ಕಂಪನಿಯಲ್ಲಿ ವಕೀಲ. ಪ್ರತಿ ಕ್ರಿಸ್‌ಮಸ್‌ಗೆ ಅನಾನಸ್ ಟಾರ್ಟ್ ಹಿಡಿದು ಬರುತ್ತಿದ್ದ. ಅವನು ಬಂದು ಹೋದ ಮೇಲೆ ಟೀಚರ್ ಮುಖ ನೋಡಬೇಕಿತ್ತು. ಗಂಡುಮಗ ದೂರದೂರಿನಿಂದ ಬಂದು ಹೋದ ತಾಯಿಯ ಮುಖ ಅದು.

ಶಾಲೆ ಮುರಿಯಲು ಶುರುವಾದದ್ದು ಇಂಚರ ಐದನೇ ತರಗತಿಯಲ್ಲಿದ್ದಾಗ. ಆರನೇ ತರಗತಿಯ ಕೊನೆಗೆ ಬರುವ ಸರ್ಕಾರಿ ಪರೀಕ್ಷೆ ಹತ್ತಿರ ಬಂದ ಮಕ್ಕಳನ್ನು ಪೋಷಕರು ಒಬ್ಬೊಬ್ಬರಾಗಿ ಬಿಡಿಸಿ ಟ್ಯೂಷನ್ನಿಗೆ ಕಳಿಸತೊಡಗಿದರು. ಮಕ್ಕಳೇ ಇಲ್ಲದ ಹಾಲನ್ನು ಯಾಕೆ ಕೊಡಬೇಕೆಂದು ಚರ್ಚಿನವರೂ ಕೇಳಿದರು. ಶಾಲೆಯ ಸಮಿತಿಗೆ ಹೊಸದಾಗಿ ಬಂದಿದ್ದ ಜೋಶುವಾ ಒಂದು ಯೋಜನೆ ತಂದ. ಲ್ಯಾಟಿನ್, ಹಳೆಯ ಗ್ರಂಥಗಳ ಓದು, ಎಲ್ಲ ನಿಲ್ಲಿಸುವುದು. ವಾಗ್ಮಿತೆಯನ್ನು ಮಾತ್ರ ಉಳಿಸಿಕೊಂಡು ಒಳ್ಳೆಯ ಸೆಕೆಂಡರಿ ಶಾಲೆಗಳ ಇಂಟರ್‌ವ್ಯೂಗೆ ಮಕ್ಕಳನ್ನು ತಯಾರು ಮಾಡುವುದು. ಶಾಲೆಯ ಹೆಸರು ಹಾಗೆಯೇ ಇರುತ್ತದೆ. ಟೀಚರ್ ಸಲಹೆಗಾರರಾಗಿರುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಪೋಷಕರ ಸಭೆ ಕರೆದರು. ನಾನು ಟೀಚರ್ ಪಕ್ಕದಲ್ಲಿ ಕೂತಿದ್ದೆ, ನನ್ನ ಗಂಡ ಎರಡು ಸಾಲು ಹಿಂದೆ. ಜೋಶುವಾ ಎದ್ದು ಇಂಗ್ಲಿಷಿನಲ್ಲಿ ಮಾತಾಡಿದ. ಮೊದಲಿಗೆ ಟೀಚರ್ ಬಗ್ಗೆ ಹೇಳಿದ. ಕೆಲವರು ಕಣ್ಣೊರೆಸಿಕೊಂಡರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಟೀಚರ್ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಇದು ಪೀಠಿಕೆ. ಈಗ ನಮ್ಮ ವಾದವನ್ನು ನಮಗಿಂತ ಚೆಂದ ಮಾಡಿ ಹೇಳ್ತಾನೆ, ನೋಡು."

ಹಾಗೆಯೇ ಆಯಿತು. ಈ ಓದು ಯಾಕೆ ಉಳಿಯಬೇಕೆಂದು ಅವನು ಹೇಳಿದಷ್ಟು ಸೊಗಸಾಗಿ ಟೀಚರ್ ಕೂಡ ಎಂದೂ ಹೇಳಿರಲಿಲ್ಲ. ಅವನ ಮಾತಿನಲ್ಲಿ ಸನ್ಯಾಸಿಗಳು ಬಂದರು, ಟೀಚರ್ ಮುತ್ತಜ್ಜಿಯೂ ಬಂದಳು. ಆಮೇಲೆ ಆ ವಾದದ ಒಂದೊಂದೇ ಕಂಬ ತೆಗೆದ. ಉಳಿಸಿದವರು ಸಾಮ್ರಾಜ್ಯ ಕುಸಿದ ಕಾಲಕ್ಕೆ ಬೇಕಾದ್ದನ್ನು ಮಾಡಿದರು, ನಾವು ನಮ್ಮ ಕಾಲಕ್ಕೆ ಬೇಕಾದ್ದನ್ನು ಮಾಡೋಣ. ನಾವು ಮರ ಕಡಿಯುತ್ತಿಲ್ಲ, ಹಣ್ಣನ್ನು ಮಾರುಕಟ್ಟೆಗೆ ಒಯ್ಯುತ್ತಿದ್ದೇವೆ. ಒಂದು ಮಾತು ಒರಟಾಗಿರಲಿಲ್ಲ, ಒಂದು ಮಾತು ಹೆಚ್ಚಾಗಿರಲಿಲ್ಲ.

"ಎಲ್ಲ ನಾನೇ ಕಲಿಸಿದ್ದು" ಎಂದರು ಟೀಚರ್. ಆ ದನಿಯಲ್ಲಿ ಅರ್ಧ ಹೆಮ್ಮೆ ಇತ್ತು. ಅದು ನನಗೆ ಈಗಲೂ ಸಂಕಟ ಕೊಡುತ್ತದೆ.

ಉತ್ತರಿಸಲು ಅವರನ್ನು ಕರೆದರು. ಎದ್ದು ನಿಂತು, ಕನ್ನಡಕ ತೆಗೆದರು. ವಾದ ಮಾಡಲಿಲ್ಲ.

"ಜೋಶುವಾ, ನೀನು ಹೇಳಿದ್ದನ್ನು ನೀನು ನಂಬುತ್ತೀಯಾ?"

ಅವನು ಒಂದು ಗಳಿಗೆ ತಡೆದ. ಏನೋ ಆಗುತ್ತದೆ ಎಂದು ನಾನು ಕಾದೆ. ಬಹುಶಃ ಟೀಚರೂ ಕಾದರು.

"ನಾನು ಏನು ನಂಬುತ್ತೇನೆ ಅನ್ನೋದು ಇಲ್ಲಿ ಪ್ರಶ್ನೆ ಅಲ್ಲ ಟೀಚರ್" ಎಂದ ಅವನು, ತುಂಬ ಮರ್ಯಾದೆಯಿಂದ. "ಮಕ್ಕಳಿಗೆ ಯಾವುದು ಉಪಯೋಗ ಆಗುತ್ತೆ ಅನ್ನೋದು."

ಟೀಚರ್ ಕೂತರು. ಕೈ ಎತ್ತಿಸಿದರು. ಟೀಚರ್ ಪರವಾಗಿ ಎದ್ದ ಕೈಗಳು ನನ್ನದೂ ಸೇರಿ ಬೆರಳೆಣಿಕೆಯಷ್ಟು. ನನ್ನ ಗಂಡ ಜೋಶುವಾನ ಪರ ಎತ್ತಿದರು. ಮನೆಗೆ ಬಂದ ಮೇಲೆ ಮುಚ್ಚಿಡಲೂ ಇಲ್ಲ. "ಹುಡುಗ ಹೇಳಿದ್ದು ಕರೆಕ್ಟಾಗಿತ್ತು. ಅವ್ರ ಮೇಲೆ ನಂಗೇನೂ ಬೇಜಾರಿಲ್ಲ" ಎಂದರು. ಅವರಿಗೆ ನಿಜಕ್ಕೂ ಬೇಜಾರಿರಲಿಲ್ಲ. ಯಾರಿಗೂ ಇರಲಿಲ್ಲ.

ಆ ಸಂಜೆ ನಾನು ಟೀಚರ್ ಜೊತೆ ಬೀಚ್ ಪಾರ್ಕಿಗೆ ಹೋದೆ. ಸೋತದ್ದಕ್ಕೆ ಸಮಾಧಾನ ಹೇಳಬೇಕೆಂದುಕೊಂಡಿದ್ದೆ. ಅವರು ಸೋಲಿನ ಮಾತೇ ಎತ್ತಲಿಲ್ಲ.

"ಮೂರನ್ನೂ ಕಲಿಸಿದೆ ಮಾರಾಯ್ತಿ. ವ್ಯಾಕರಣ ಕಲಿಸಿದೆ, ತರ್ಕ ಕಲಿಸಿದೆ, ಮಾತು ಕಲಿಸಿದೆ. ಯಾತಕ್ಕೆ ಅನ್ನುವುದು ಮಾತ್ರ ಅವನಿಗೆ ಹತ್ಲಿಲ್ಲ. ಅದು ಕಲಿಸ್ಲಿಕ್ಕೆ ಆಗುವುದೇ ಅಲ್ಲವೋ ಏನೋ."

"ಒಬ್ಬ ಹುಡುಗನಿಂದ ಇಡೀ ಓದನ್ನು ಅಳೀಬೇಡಿ ಟೀಚರ್."

"ಒಬ್ಬನೇ ಅಲ್ಲ. ಅದೇ ಯೋಚನೆ ಮಾಡ್ತಿದ್ದೆ. ಗುಲಾಮರನ್ನು ತುಂಬಿಸಿದ ಹಡಗಿಗೆ ಆಶೀರ್ವಾದ ಮಾಡಿದವರಿಗೆ ಒಳ್ಳೆ ಲ್ಯಾಟಿನ್ ಬರ್ತಿತ್ತು. ಜನರನ್ನು ಕಂಬಕ್ಕೆ ಕಟ್ಟಿ ಸುಟ್ಟವರೂ ತರ್ಕ ಓದಿದವರೇ. ಗೊತ್ತಿತ್ತು ನನಗೆ, ಪುಸ್ತಕದಲ್ಲಿ ಓದಿದ್ದೆ. ಅವರು ತಪ್ಪಾಗಿ ಕಲಿತವರು ಅಂತ ಅಂದ್ಕೊಂಡಿದ್ದೆ. ಸರಿಯಾಗಿ ಕಲಿತೇ ಹಾಗಾದ್ರೋ ಏನೋ."

ಅವರಿಂದಲೇ ಕಲಿತಂತೆ, ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು. ಬಳಿಕ ಇಬ್ಬರೂ ಮನೆಗೆ ನಡೆದೆವು.

ಅವರು ಸಿಟ್ಟಿನಿಂದ ಬಿಟ್ಟು ಹೋಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಬಿಡಲಿಲ್ಲ. ಮಕ್ಕಳ ಮುಖ ನೋಡಬಹುದಲ್ಲ ಎಂದು ಸಲಹೆಗಾರರಾಗಿ ಉಳಿದರು. ಹೊಸ ಪೋಸ್ಟರಿನಲ್ಲಿ ಅವರ ನಗುಮುಖ ಹಾಕಿದರು. ಒಂದು ಶನಿವಾರ ಇಂಚರಳನ್ನು ಕರೆದುಕೊಳ್ಳಲು ಹೋದಾಗ ನೋಡಿದೆ. ಟೀಚರ್ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಎದುರಿಗೆ ಒಬ್ಬಳು ಪುಟ್ಟ ಹುಡುಗಿ, ತನ್ನ ಬದುಕಿನ ಅತಿ ದೊಡ್ಡ ಸೋಲಿನ ಬಗ್ಗೆ ಒಂದೂವರೆ ನಿಮಿಷದಲ್ಲಿ ಹೇಳುತ್ತಿದ್ದಳು.

"ಇದು ನಿಜವಾಗಿ ಆದದ್ದಾ?" ಎಂದು ಟೀಚರ್ ಕೇಳಿದರು.

"ನೋ, ಟೀಚರ್. ಬಟ್ ಟೈಮಿಂಗ್ ಓಕೆ, ರೈಟ್?"

"ಟೈಮಿಂಗ್ ಸರಿಯಿದೆ" ಎಂದರು ಟೀಚರ್.

ಆ ಟರ್ಮ್ ಮುಗಿದ ಮೇಲೆ ಅವರು ಹೋಗಲಿಲ್ಲ. ಹೊಟ್ಟೆನೋವು ಎನ್ನುತ್ತಿದ್ದರು. ನೆಪವೆಂದು ಎಲ್ಲರೂ ಅಂದುಕೊಂಡೆವು. ಕ್ಯಾನ್ಸರ್ ಎಂದು ತಿಳಿದಾಗ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಕೊನೆಯ ದಿನಗಳಲ್ಲಿ ನಾನು ಆಫೀಸು ಬಿಟ್ಟು ನೇರ ಆಸ್ಪತ್ರೆಗೆ ಹೋಗುತ್ತಿದ್ದೆ. ಮೀನು ತಿನ್ನಲಾಗುತ್ತಿರಲಿಲ್ಲ. ಗಂಜಿಯ ಜೊತೆ ಒಂದು ಚೂರು ಉಪ್ಪಿನಕಾಯಿ ನಾಲಗೆಗೆ ತಾಗಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಸಂಜೆ ಇಂಚರಳನ್ನೂ ಕರೆದುಕೊಂಡು ಹೋದೆ. ನಾವು ಹೋದಾಗ ಜೋಶುವಾ ಇದ್ದ. ಹೂ ತಂದಿದ್ದ. ತಾನು ಏನೇ ಆಗಿದ್ದರೂ ಅದಕ್ಕೆ ಕಾರಣ ಟೀಚರ್ ಎಂದು, ಅವರ ಕೈ ಹಿಡಿದು ಮೆಲುದನಿಯಲ್ಲಿ ಹೇಳಿದ. ನನಗೆ ಕಣ್ಣು ತುಂಬಿತು. ಅವನು ಹೋದ ಮೇಲೆ ಟೀಚರ್ ಬಹಳ ಹೊತ್ತು ಬಾಗಿಲನ್ನೇ ನೋಡಿದರು.

"ಚೆಂದ ಮಾತಾಡಿದ. ಒಂದು ಶಬ್ದ ತಪ್ಪಿಲ್ಲ."

"ಮನಸ್ಸಿನಿಂದಲೇ ಹೇಳಿದ ಟೀಚರ್."

"ಇರ್ಬಹುದು. ನನಗೆ ಗೊತ್ತಾಗುವುದಿಲ್ಲ. ಗೊತ್ತಾಗದ ಹಾಗೆ ಮಾಡ್ಲಿಕ್ಕೆ ನಾನೇ ಅಲ್ವಾ ಕಲಿಸಿದ್ದು."

ಪ್ರಾರ್ಥನೆ ಮಾಡುತ್ತೀರಾ, ಪಾದ್ರಿಯವರನ್ನು ಕರೆಸಲೇ ಎಂದು ಕೇಳಿದೆ. ಟೀಚರ್ ಬೇಡವೆಂದು ತಲೆಯಾಡಿಸಿದರು.

"ಪ್ರಾರ್ಥನೆ ಬರ್ತಾ ಇಲ್ಲ. ಬಾಯಿಪಾಠ ಉಂಟು, ಎಲ್ಲ ನೆನಪುಂಟು. ಬಾಯಲ್ಲೇ ಉಳೀತದೆ, ಒಳಗೆ ಇಳಿಯುವುದಿಲ್ಲ. ಎಪ್ಪತ್ತು ವರ್ಷ ಆಯ್ತಲ್ಲ, ಇನ್ನು ಯಾವಾಗ ಇಳೀಬೇಕು?"

ಮಂಚದ ಕಾಲ ಬಳಿ ನಿಂತಿದ್ದ ಇಂಚರ ಇದೆಲ್ಲ ಕೇಳುತ್ತಿದ್ದಳು. ಟೀಚರ್ ಅವಳನ್ನು ನೋಡಿ ನಗಲು ಪ್ರಯತ್ನಿಸಿದರು, ಆಗಲಿಲ್ಲ. ಆಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ. ಕೊನೆಗಾದರೂ ಏನಾದರೂ ಇಳಿಯಿತೋ ಇಲ್ಲವೋ ನನಗೆ ತಿಳಿಯದು. ಆ ಹೊತ್ತಿನಲ್ಲಿ ಅವರ ಹತ್ತಿರ ಯಾರೂ ಇರಲಿಲ್ಲ.

ಅಂತ್ಯಕ್ರಿಯೆಗೆ ಜನ ಸೇರಿದ್ದರು. ಜೋಶುವಾ ಹಿಂದಿನ ಸಾಲಿನಲ್ಲಿ ಕೂತಿದ್ದ. ಎರಡು ಮಾತು ಆಡು ಎಂದು ಅವನಪ್ಪ ಹೋಗಿ ಕರೆದರು. ಅವನು ತಲೆ ತಗ್ಗಿಸಿ ಆಗದು ಎಂದು ಕೈಯಾಡಿಸಿದ. ಮತ್ತೆ ಕರೆದಾಗ ಎದ್ದು ಹೊರಗೆ ಹೋಗಿಬಿಟ್ಟ. ಅದು ದುಃಖವೋ, ನಾಚಿಕೆಯೋ, ಬರಿಯ ತಲೆನೋವೋ, ನಾನು ಕೇಳಲಿಲ್ಲ. ಟೀಚರ್ ಇದ್ದಿದ್ದರೆ ಆ ಮೌನವನ್ನು ಎಷ್ಟು ಆಸೆಯಿಂದ ನೋಡುತ್ತಿದ್ದರು. ನೋಡಲು ಅವರಿರಲಿಲ್ಲ. ಮುಂದಿನ ಶನಿವಾರ ತರಗತಿಗಳು ಎಂದಿನಂತೆ ನಡೆದವು.

ಇಂಚರ ಅಲ್ಲಿಗೇ ಹೋಗುತ್ತಿದ್ದಳು. ಬಿಡಿಸೋಣವೆಂದು ನಾನು ಹೇಳಿದೆ. ಇಂಟರ್‌ವ್ಯೂ ಇಷ್ಟು ಹತ್ತಿರ ಇರುವಾಗ ಬೇಡವೆಂದು ಗಂಡ ಹೇಳಿದರು. ಅವಳಿಗೂ ಬಿಡಲು ಮನಸ್ಸಿರಲಿಲ್ಲ. ಈಚೆಗೆ ಒಂದು ಹೆಸರಾಂತ ಶಾಲೆಯಲ್ಲಿ ಅವಳ ಇಂಟರ್‌ವ್ಯೂ ಆಯಿತು. ಮುಗಿಸಿ ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುತ್ತಿದ್ದೆವು. ಹೇಗಾಯಿತು ಎಂದು ಕೇಳಿದೆ.

"ಓಕೆ ಲಾ. ನಿನ್ ಲೈಫಲ್ಲಿ ಯಾರು ಇನ್‌ಫ್ಲುಯೆನ್ಸ್ ಮಾಡಿದ್ರು ಅಂತ ಕೇಳಿದ್ರು."

"ಯಾರು ಅಂದೆ?"

"ಟೀಚರ್. ಹಾಸ್ಪಿಟಲ್ ಸ್ಟೋರಿ ಹೇಳಿದೆ. ಅವ್ರಿಗೆ ಪ್ರೇಯರ್ ಬರ್ತಿಲ್ಲ ಅಂದ್ರಲ್ಲ, ಅದು. ಲಾಸ್ಟಲ್ಲಿ ಸ್ವಲ್ಪ ಅತ್ತೆ. ಆ ಮೇಡಮ್ ಟಿಶ್ಯೂ ಕೊಟ್ರು."

ರೈಲಿನಲ್ಲಿ ಜನ ಬಹಳವಿದ್ದರು. ನಾನು ಅವಳ ಕಿವಿಯ ಹತ್ತಿರ ಬಾಗಿ ಕೇಳಿದೆ. "ನಿಜವಾಗಿ ಅಳು ಬಂತಾ ನಿಂಗೆ?"

ಅವಳು ಯೋಚಿಸಿದಳು.

"ಫಸ್ಟ್ ಬರಿಸ್ಕೊಂಡೆ. ಆಮೇಲೆ ನಿಜವಾಗ್ಲೂ ಬಂತು ಅನ್ಸುತ್ತೆ. ಎಲ್ಲಿಂದ ನಿಜ ಆಯ್ತು ಅಂತ ಗೊತ್ತಾಗ್ಲಿಲ್ಲ ಅಮ್ಮ."

ಕೆಲವು ವಾರಗಳ ನಂತರ ಸೀಟು ಸಿಕ್ಕಿತೆಂದು ತಿಳಿಸಿದರು. ಮೈಸೂರಿಗೆ ಫೋನು ಹೋಯಿತು, ಉಡುಪಿಗೆ ಹೋಯಿತು, ಗಂಡ ಆಫೀಸಿನಲ್ಲಿ ಕೇಕ್ ಹಂಚಿದರು. ಎಲ್ಲರಿಗೂ ಸಂತೋಷವಾಯಿತು. ನನಗೂ ಆಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.